‘ಹೂಂ’ ಅನ್ನುವ ಮುಂಚೆ: ನಮ್ಮತನ ಬಿಡದೆ ನಡವಳಿಕೆ ತಿದ್ದಿಕೊಳ್ಳುವ ಬಗೆ

ಬಿ.ಎಡ್. ಓದಿದವರಿಗೆಲ್ಲ ಮನೋವಿಜ್ಞಾನಿ ಸ್ಕಿನ್ನರ್ ಗೊತ್ತು. ಪೆಟ್ಟಿಗೆಯೊಳಗೊಂದು ಇಲಿ, ಅದು ಒತ್ತುವ ಸನ್ನೆಕೋಲು, ಒತ್ತಿದೊಡನೆ ಬೀಳುವ ಆಹಾರದ ತುಣುಕು, ‘ಕ್ರಿಯಾಜನ್ಯ ಅನುಬಂಧನ ಎಂದರೇನು, ಉದಾಹರಣೆ ಸಹಿತ ವಿವರಿಸಿ’ ಎಂಬ ಪ್ರಶ್ನೆ. ಪರೀಕ್ಷೆ ಬರೆದು ಬಂದ ಮೇಲೆ ಆ ಪಾಠ ನೋಟ್ಸಿನೊಳಗೇ ಉಳಿದುಬಿಡುತ್ತದೆ. ಇದು ದೊಡ್ಡ ನಷ್ಟವೆಂದು ನನಗೆ ಅನ್ನಿಸುತ್ತದೆ. ಅದೇ ಬಿ.ಎಫ್. ಸ್ಕಿನ್ನರ್ 1953ರಲ್ಲಿ ಬರೆದ ‘ಸೈನ್ಸ್ ಆಂಡ್ ಹ್ಯೂಮನ್ ಬಿಹೇವಿಯರ್’ ಪುಸ್ತಕದಲ್ಲಿ, ಮನುಷ್ಯ ತನ್ನನ್ನು ತಾನೇ ಹೇಗೆ ಹತೋಟಿಯಲ್ಲಿ ಇಟ್ಟುಕೊಳ್ಳುತ್ತಾನೆ ಎಂಬುದಕ್ಕೆ ಒಂದಿಡೀ ಅಧ್ಯಾಯ ಮೀಸಲಿದೆ. ಅವರು ಸ್ವಂತ ಬರವಣಿಗೆಗೂ ಈ ವಿದ್ಯೆಯನ್ನೇ ಬಳಸಿದರು. ಮೇಜಿನ ದೀಪ ಹಚ್ಚಿದರೆ ಗಡಿಯಾರ ಓಡುವಂತೆ, ಆರಿಸಿದರೆ ನಿಲ್ಲುವಂತೆ ಜೋಡಿಸಿಕೊಂಡು, ಎಷ್ಟು ಹೊತ್ತು ಬರೆದೆನೆಂಬುದನ್ನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕುತ್ತಿದ್ದರು.

ಈ ವಿದ್ಯೆಯ ಹೆಸರು ವರ್ತನಾ ವಿಶ್ಲೇಷಣೆ. ಅದರ ಬುಡದಲ್ಲಿರುವ ಮಾತು ಸರಳವಾದದ್ದು. ನಾವು ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡುವುದಕ್ಕೂ, ಅದಕ್ಕಿಂತ ಮುಂಚೆ ಏನಿತ್ತು, ಆದ ಮೇಲೆ ಏನು ಸಿಕ್ಕಿತು ಎಂಬುದಕ್ಕೂ ನಂಟಿದೆ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪಂಜರದಲ್ಲಿಟ್ಟು ನೋಡಿದ್ದು ಇದನ್ನೇ. ಬಾಗಿಲು ತೆರೆಸಿಕೊಟ್ಟ ಚಲನೆ ಉಳಿಯಿತು, ತೆರೆಸದ ಚಲನೆಗಳು ಉದುರಿಹೋದವು. 1968ರಲ್ಲಿ ಡೊನಾಲ್ಡ್ ಬೇಯರ್, ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಎಂಬ ಮೂವರು ಈ ವಿದ್ಯೆ ಪ್ರಯೋಗಾಲಯದಿಂದ ಜನರ ನಡುವೆ ಬಂದಾಗ ಹೇಗಿರಬೇಕೆಂದು ಬರೆದಿಟ್ಟರು. ಆ ಜನರಿಗೆ ಮುಖ್ಯವಾದ ನಡವಳಿಕೆಯನ್ನೇ ಕೈಗೆತ್ತಿಕೊಳ್ಳಬೇಕು ಎಂಬುದು ಅವರ ಮೊದಲ ಷರತ್ತು.

‘ಹೀಗೆಲ್ಲ ಲೆಕ್ಕ ಹಾಕಿಕೊಂಡು ನಡೆದರೆ ನಾನು ನಾನಾಗಿ ಉಳಿಯುತ್ತೇನೆಯೇ?’ ಎಂದು ಕೇಳುವವರಿದ್ದಾರೆ. ಆ ಭಯವನ್ನು ತಳ್ಳಿಹಾಕಬಾರದು. ಕೆಳಗಿನ ಹಂತಗಳಲ್ಲಿ ಅದಕ್ಕೆ ಉತ್ತರ ಕೊಡುತ್ತಾ ಹೋಗುತ್ತೇನೆ. ಜೊತೆಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ನಮ್ಮ ನಡುವೆ ಎಲ್ಲೆಲ್ಲೂ ಇರುವ ಒಂದು ಕಷ್ಟ ಅದು: ಯಾರು ಏನು ಕೇಳಿದರೂ ‘ಹೂಂ, ಆಯ್ತು’ ಅಂದುಬಿಡುವುದು. ಒಬ್ಬ ಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಮೆಲುದನಿ, ಯಾರ ಮನಸ್ಸನ್ನೂ ನೋಯಿಸದ ಸ್ವಭಾವ. ಹೆಡ್‌ಮಾಸ್ಟರು ‘ಮೇಡಂ, ಈ ಸಲದ ಕಾರ್ಯಕ್ರಮದ ನಿರೂಪಣೆಯೂ ನೀವೇ ನೋಡ್ಕೊಂಡ್ಬಿಡಿ’ ಅಂದರೆ ಹೂಂ. ನಾದಿನಿ ಫೋನು ಮಾಡಿ ‘ಅತ್ತಿಗೆ, ಭಾನುವಾರ ಮಕ್ಕಳನ್ನ ನಿಮ್ಮನೇಲಿ ಬಿಟ್ಟು ಹೋಗ್ತೀನಿ’ ಅಂದರೆ ಹೂಂ. ಸಹೋದ್ಯೋಗಿ ಕೈಗಡ ಕೇಳಿದರೂ ಹೂಂ. ರಾತ್ರಿ ಮಲಗುವಾಗ ಹೊಟ್ಟೆಯೊಳಗೆ ಸಿಟ್ಟು.

ಮೊದಲ ಹಂತ: ಈ ಬದಲಾವಣೆ ಯಾರಿಗೆ ಬೇಕಾಗಿದೆ?

ಹಾಳೆ, ಪೆನ್ನು ಹುಡುಕುವ ಮೊದಲು ಇದನ್ನು ಕೇಳಿಕೊಳ್ಳಿ. ಎಲ್ಲ ಹಂತಗಳಿಗಿಂತ ಇದೇ ದೊಡ್ಡದು.

ಈ ವಿದ್ಯೆಯ ಇತಿಹಾಸದಲ್ಲಿ ಒಂದು ನೋವಿನ ಪುಟವಿದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಐವರ್ ಲೋವಾಸ್ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಹೆಸರು ಮಾಡಿತು. ಆದರೆ ಆ ಬಗೆಯ ತರಬೇತಿಯಲ್ಲಿ ಬೆಳೆದ ಎಷ್ಟೋ ಮಂದಿ ದೊಡ್ಡವರಾದ ಮೇಲೆ ಬೇರೆಯೇ ಮಾತು ಹೇಳಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು, ಕೈ ಆಡಿಸದೆ ಸುಮ್ಮನೆ ಕೂರಬೇಕು ಎಂದು ತಮ್ಮನ್ನು ತಿದ್ದಿದರು, ಕೈ ಆಡಿಸುವುದರಿಂದ ತಮಗೆ ಸಿಗುತ್ತಿದ್ದ ನೆಮ್ಮದಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಬೇರೆಯವರಂತೆ ನಟಿಸುವುದನ್ನು ಕಲಿತು ದಣಿದೆವು ಎಂದರು. ಆ ದೂರು ನ್ಯಾಯವಾದದ್ದು. ಅಲ್ಲಿ ಮುಖ್ಯ ತಪ್ಪು ಲೆಕ್ಕಾಚಾರದ್ದಲ್ಲ. ಗುರಿ ಮಕ್ಕಳದ್ದಾಗಿರಲಿಲ್ಲ, ನೋಡುವವರದ್ದಾಗಿತ್ತು. ಮಾಂಟ್ರೋಸ್ ವುಲ್ಫ್ 1978ರಲ್ಲೇ ಮೂರು ಪ್ರಶ್ನೆ ಮುಂದಿಟ್ಟಿದ್ದರು: ಈ ಗುರಿ ಆ ವ್ಯಕ್ತಿಗೂ ಅವರ ಸಮಾಜಕ್ಕೂ ನಿಜವಾಗಿ ಬೇಕೇ? ಮಾಡುವ ವಿಧಾನ ಅವರಿಗೆ ಒಪ್ಪಿಗೆಯೇ? ಬಂದ ಫಲದಿಂದ ಅವರಿಗೆ ತೃಪ್ತಿಯೇ? ಅಂಕಿಅಂಶದ ಶಾಸ್ತ್ರವೊಂದು ಜನರ ಮನಸ್ಸನ್ನು ಕೇಳಲು ಕಲಿತ ಆ ಘಳಿಗೆ ನನಗೆ ಬಹಳ ಇಷ್ಟ.

ಈ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಹಾಕಿಕೊಳ್ಳಿ. ‘ನಾನು ಸಭೆಯಲ್ಲಿ ಹೆಚ್ಚು ಮಾತಾಡಬೇಕು’ ಎಂಬುದು ನಿಮ್ಮ ಆಸೆಯೋ, ‘ಏನು ಯಾವಾಗ್ಲೂ ಮುಗುಮ್ಮಾಗಿ ಇರ್ತೀಯ’ ಎಂದು ಅಣಕಿಸಿದ ಚಿಕ್ಕಪ್ಪನ ಆಸೆಯೋ? ಊರಿನ ಕನ್ನಡದ ಧಾಟಿ ಬಿಟ್ಟು ‘ನೀಟಾಗಿ’ ಮಾತಾಡಬೇಕು ಎಂಬುದು ಎಲ್ಲಿಂದ ಬಂತು? ಒಂದು ಪರೀಕ್ಷೆ ಹೀಗಿದೆ: ಈ ಬದಲಾವಣೆ ಆಗಿದೆಯೆಂದು ಯಾರಿಗೂ ಗೊತ್ತಾಗದಿದ್ದರೂ ಅದು ನಿಮಗೆ ಬೇಕೇ? ಬೇಕೆಂದರೆ ಮುಂದಕ್ಕೆ ಹೋಗಿ.

ನಮ್ಮ ಶಿಕ್ಷಕಿಗೆ ಜೋರು ಬಾಯಿಯವಳಾಗುವ ಆಸೆ ಇಲ್ಲ. ಮೆಲುದನಿ ಅವಳದೇ, ಅದು ಇರಲಿ. ಅವಳಿಗೆ ಬೇಕಾದದ್ದು ಭಾನುವಾರದ ಅರ್ಧ ದಿನ, ಸಾಲ ಕೊಟ್ಟು ಕೇಳಲಾಗದ ಸಂಕಟದಿಂದ ಬಿಡುಗಡೆ.

ಇಲ್ಲೊಂದು ಎಚ್ಚರಿಕೆ. ‘ಇಲ್ಲ’ ಅಂದರೆ ಹೊಡೆತ ಬೀಳುವ ಮನೆಯಲ್ಲಿ ‘ಹೂಂ’ ಅನ್ನುವುದು ಜೀವ ಕಾಯ್ದುಕೊಳ್ಳುವ ದಾರಿ, ತಿದ್ದಬೇಕಾದ ಅಭ್ಯಾಸವಲ್ಲ. ಅಂಥ ಮನೆಗೆ ಈ ಬರಹ ಸಾಲದು. ಮಹಿಳಾ ಸಹಾಯವಾಣಿ 181 ಇದೆ. ಹಾಗೆಯೇ ತಿಂಗಳುಗಟ್ಟಲೆ ಮನಸ್ಸು ಕುಸಿದಿದ್ದರೆ, ಬದುಕು ಬೇಡ ಅನ್ನಿಸುತ್ತಿದ್ದರೆ ಒಬ್ಬರೇ ಪುಸ್ತಕ ಹಿಡಿದು ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಎರಡನೆಯ ಹಂತ: ಕಣ್ಣಿಗೆ ಕಾಣುವ ಹಾಗೆ ಬರೆಯಿರಿ

‘ನಾನು ತುಂಬಾ ಮೆತ್ತಗೆ’, ‘ಅವನು ಸೋಮಾರಿ’, ‘ಅವಳಿಗೆ ಮೂಗಿನ ತುದಿಯಲ್ಲೇ ಕೋಪ’ ಎಂಬ ಮಾತುಗಳಿಂದ ಯಾವ ಕೆಲಸವೂ ಆಗುವುದಿಲ್ಲ. ಸೋಮಾರಿತನವನ್ನು ಯಾರೂ ಎಣಿಸಲಾರರು. ಬೆಳಗ್ಗೆ ಅಲಾರಂ ಹೊಡೆದ ಮೇಲೆ ಎಷ್ಟು ಹೊತ್ತಿಗೆ ಎದ್ದ ಎಂಬುದನ್ನು ಎಣಿಸಬಹುದು. ಹಾಗಾಗಿ ನಿಮಗೆ ನೀವೇ ಅಂಟಿಸಿಕೊಂಡ ಹೆಸರನ್ನು ಕಿತ್ತು, ಪಕ್ಕದಲ್ಲಿ ನಿಂತವರಿಗೂ ಕಾಣಿಸುವಂತೆ ಆ ನಡೆಯನ್ನು ಬರೆಯಿರಿ. ಶಿಕ್ಷಕಿ ಹೀಗೆ ಬರೆದುಕೊಳ್ಳಬಹುದು: ‘ಯಾರಾದರೂ ನನ್ನ ಸಮಯ ಅಥವಾ ಹಣ ಕೇಳಿದಾಗ, ಯೋಚಿಸದೆ, ಅದೇ ಮಾತಿನಲ್ಲಿ ಒಪ್ಪಿಕೊಳ್ಳುತ್ತೇನೆ.’

ಮುಂದಿನ ತೊಡಕು ಗುರಿ ಬರೆಯುವಾಗ ಬರುತ್ತದೆ. ಎಲ್ಲರೂ ಬರೆಯುವುದು ‘ಹೂಂ ಅನ್ನಬಾರದು’, ‘ಮೊಬೈಲ್ ನೋಡಬಾರದು’, ‘ರೇಗಬಾರದು’ ಎಂದೇ. ಸ್ಕಿನ್ನರ್ ಅವರ ಶಿಷ್ಯ ಆಗ್ಡನ್ ಲಿಂಡ್ಸ್ಲಿ 1960ರ ದಶಕದಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು: ಸತ್ತವನು ಮಾಡಬಲ್ಲದ್ದಾದರೆ ಅದು ನಡವಳಿಕೆಯೇ ಅಲ್ಲ. ಹೂಂ ಅನ್ನದಿರುವುದು, ಮೊಬೈಲ್ ನೋಡದಿರುವುದು, ರೇಗದಿರುವುದು ಎಲ್ಲವನ್ನೂ ಹೆಣ ಚೆನ್ನಾಗಿ ಮಾಡುತ್ತದೆ. ಬದುಕಿರುವವರಿಗೆ ಮಾಡುವಂಥದ್ದೇನಾದರೂ ಬೇಕು. ಆದ್ದರಿಂದ ಶಿಕ್ಷಕಿಯ ಗುರಿ: ‘ಯಾರೇ ಕೇಳಿದರೂ, ಉತ್ತರ ಕೊಡುವ ಮುಂಚೆ ಸಮಯ ಕೇಳುತ್ತೇನೆ.’ ಇದು ಮಾಡುವ ಕೆಲಸ, ಎಣಿಸಬಹುದು, ಸಾಧಿಸಿದಾಗ ಗೊತ್ತಾಗುತ್ತದೆ. ನಮ್ಮತನದ ಲೆಕ್ಕದಲ್ಲೂ ಇದೇ ಸರಿಯಾದ ದಾರಿ. ಇರುವುದನ್ನು ಕಿತ್ತು ಎಸೆಯದೆ, ಕೈಯಲ್ಲಿರುವುದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳುತ್ತೀರಿ.

ಮೂರನೆಯ ಹಂತ: ಏನನ್ನೂ ಬದಲಿಸದೆ ಒಂದು ವಾರ ಎಣಿಸಿ

ಸಣ್ಣ ಪುಸ್ತಕ, ಇಲ್ಲವೇ ಮೊಬೈಲಿನ ನೋಟ್ಸ್ ಸಾಕು. ಯಾರಾದರೂ ಕೇಳಿದಾಗಲೆಲ್ಲ ಒಂದು ಗೆರೆ, ತಕ್ಷಣ ಒಪ್ಪಿಕೊಂಡರೆ ಆ ಗೆರೆಗೆ ಸುತ್ತು. ವಾರದ ಕೊನೆಗೆ ಎಷ್ಟರಲ್ಲಿ ಎಷ್ಟು ಎಂದು ನೋಡಿ. ಎಣಿಸಲು ಶುರುಮಾಡಿದ ಮಾತ್ರಕ್ಕೇ ಕೆಲವೊಮ್ಮೆ ನಡವಳಿಕೆ ಬದಲಾಗುತ್ತದೆ, ಅದಕ್ಕೆ ಗಾಬರಿ ಬೇಡ. ಈ ವಾರ ನಿಮ್ಮನ್ನು ಬೈದುಕೊಳ್ಳುವ ಕೆಲಸ ಇಲ್ಲ, ನೋಡುವ ಕೆಲಸ ಮಾತ್ರ.

ನಾಲ್ಕನೆಯ ಹಂತ: ಮುಂಚೆ, ಮಾಡಿದ್ದು, ಆಮೇಲೆ

ಈಗ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಅದಕ್ಕಿಂತ ಮುಂಚೆ ಏನಿತ್ತು: ಎಲ್ಲಿದ್ದಿರಿ, ಎಷ್ಟು ಗಂಟೆ, ಎದುರಿಗೆ ಯಾರು, ಊಟ ಆಗಿತ್ತೇ, ನಿದ್ದೆ ಆಗಿತ್ತೇ. ಎರಡನೆಯದರಲ್ಲಿ ನೀವು ಮಾಡಿದ್ದು ಅಥವಾ ಆಡಿದ್ದು. ಮೂರನೆಯದರಲ್ಲಿ ಆಮೇಲೆ, ಅಂದರೆ ಮುಂದಿನ ಕೆಲವು ಕ್ಷಣಗಳಲ್ಲಿ, ಏನಾಯಿತು. ಮೂರನೆಯ ಕಾಲಂನಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಆಮೇಲೆ ನನ್ನ ಭಾನುವಾರ ಹಾಳಾಯಿತು’ ಎಂದು ಬರೆಯುತ್ತಾರೆ. ಭಾನುವಾರ ಹಾಳಾದದ್ದು ನಾಲ್ಕು ದಿನದ ಮೇಲೆ. ನಡವಳಿಕೆಯನ್ನು ಹಿಡಿದು ನಿಲ್ಲಿಸುವುದು ತಕ್ಷಣದ ಫಲ, ದೂರದ ಫಲಕ್ಕೆ ಅಷ್ಟು ಬಲವಿಲ್ಲ. ಹೂಂ ಅಂದ ಆ ಕ್ಷಣ ಏನಾಯಿತು? ನಾದಿನಿಯ ದನಿ ಹಗುರಾಯಿತು, ‘ಅತ್ತಿಗೆ ಅಂದ್ರೆ ನೀವೇ ನೋಡಿ’ ಎಂಬ ಮಾತು ಬಂತು. ಎದೆಯೊಳಗಿನ ಇರುಸುಮುರುಸು ನಿಂತಿತು.

ಆ ಇರುಸುಮುರುಸು ನಿಂತದ್ದೇ ಮುಖ್ಯ. ಹಿತವಾದದ್ದು ಸಿಕ್ಕಿ ಒಂದು ನಡೆ ಬಲಗೊಂಡರೆ ಅದು ಧನಾತ್ಮಕ ಪುನರ್ಬಲನ. ಅಹಿತವಾದದ್ದು ತೊಲಗಿ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ಎರಡನೆಯದನ್ನು ಶಿಕ್ಷೆ ಎಂದು ತಪ್ಪು ತಿಳಿದವರೇ ಹೆಚ್ಚು, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲೂ ಈ ತಪ್ಪು ಬರುತ್ತದೆ. ಶಿಕ್ಷೆಯಿಂದ ನಡವಳಿಕೆ ಕಡಿಮೆಯಾಗುತ್ತದೆ, ಪುನರ್ಬಲನ ಯಾವ ಬಗೆಯದಾದರೂ ಅದರಿಂದ ನಡವಳಿಕೆ ಹೆಚ್ಚಾಗುತ್ತದೆ. ಚಳಿಯಲ್ಲಿ ಸ್ವೆಟರ್ ಹಾಕಿಕೊಳ್ಳುವುದು, ಅಳುವ ಮಗುವಿಗೆ ಮೊಬೈಲ್ ಕೊಟ್ಟು ಅಳು ನಿಲ್ಲಿಸುವುದು, ಕಷ್ಟದ ಕರೆ ಬಂದಾಗ ಫೋನು ಮಗುಚಿ ಇಡುವುದು ಎಲ್ಲವೂ ಎರಡನೆಯ ಬಗೆಯವು.

ವಾರದ ಹಾಳೆ ತುಂಬಿದ ಮೇಲೆ ಅದನ್ನು ಓದಿ. ಸಾಮಾನ್ಯವಾಗಿ ನಾಲ್ಕು ಕಾರಣಗಳಲ್ಲಿ ಒಂದೋ ಎರಡೋ ಎದ್ದು ಕಾಣುತ್ತವೆ: ಯಾರದಾದರೂ ಗಮನ ಸಿಗುತ್ತದೆ, ಬೇಕಾದ ವಸ್ತುವೋ ಅವಕಾಶವೋ ಸಿಗುತ್ತದೆ, ಬೇಡದ್ದರಿಂದ ತಪ್ಪಿಸಿಕೊಳ್ಳಬಹುದು, ಇಲ್ಲವೇ ಆ ಕೆಲಸವೇ ಮೈಗೆ ಹಿತ ಕೊಡುತ್ತದೆ. ಬ್ರಯನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ, ತಮಗೆ ತಾವೇ ಗಾಯ ಮಾಡಿಕೊಳ್ಳುವ ಮಕ್ಕಳ ವಿಷಯದಲ್ಲಿ, ಇಂಥ ಕಾರಣಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದರು. ಹೊರಗೆ ಒಂದೇ ರೀತಿ ಕಾಣುವ ನಡವಳಿಕೆಯ ಹಿಂದೆ ಒಬ್ಬೊಬ್ಬರಲ್ಲಿ ಒಂದೊಂದು ಕಾರಣವಿತ್ತು. ದಿನದ ಬದುಕಿಗೂ ಇದು ಸಲ್ಲುತ್ತದೆ. ನಿಮ್ಮ ‘ಹೂಂ’ ಮೆಚ್ಚುಗೆಗಾಗಿ ಇರಬಹುದು, ಪಕ್ಕದ ಮೇಜಿನವರ ‘ಹೂಂ’ ಹೆಡ್‌ಮಾಸ್ಟರ ಸಿಡುಕಿನಿಂದ ಪಾರಾಗಲಿಕ್ಕೆ. ಮದ್ದು ಬೇರೆಬೇರೆ.

ನಮ್ಮ ಶಿಕ್ಷಕಿಯ ಹಾಳೆ ಹೇಳಿದ್ದು ಹೀಗಿದ್ದೀತು: ಹತ್ತಕ್ಕೆ ಎಂಟು ಬೇಡಿಕೆ ಫೋನಿನಲ್ಲಿ ಅಥವಾ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಎದುರು ಬಂದವು. ವಾಟ್ಸ್ಯಾಪಿನಲ್ಲಿ ಕೇಳಿದಾಗ ಅವಳು ಸಲೀಸಾಗಿ ‘ಆಗಲ್ಲ’ ಅಂದಿದ್ದಾಳೆ. ಹಾಗಾದರೆ ಅವಳಿಗೆ ‘ಇಲ್ಲ’ ಅನ್ನಲು ಬರುವುದಿಲ್ಲ ಎಂಬುದೇ ಸುಳ್ಳು. ಎದುರಿನ ಮುಖವೋ, ಉತ್ತರಕ್ಕೆ ಕಾಯುವ ಮೌನವೋ ಇದ್ದಾಗ ಮಾತ್ರ ಅವಳು ಹೂಂ ಅನ್ನುತ್ತಾಳೆ. ನನ್ನ ಮಟ್ಟಿಗೆ ವರ್ತನಾ ವಿಶ್ಲೇಷಣೆ ಕೊಡುವ ಅತಿ ದೊಡ್ಡ ಸಮಾಧಾನ ಇಲ್ಲಿದೆ. ನಿಮ್ಮ ಸ್ವಭಾವದ ಕೊರತೆ ಎಂದುಕೊಂಡಿದ್ದು ಕೆಲವು ಸನ್ನಿವೇಶಗಳಿಗೆ ಅಂಟಿಕೊಂಡ ಒಂದು ನಡೆ. ಸನ್ನಿವೇಶವನ್ನು ಬದಲಿಸಬಹುದು.

ಐದನೆಯ ಹಂತ: ಮೊದಲ ಕಾಲಂಗೆ ಕೈಹಾಕಿ

ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಸುತ್ತಲಿನ ವಸ್ತು, ಜಾಗ, ವೇಳೆಯನ್ನು ಸರಿಸುವುದು ಸುಲಭ. ಸ್ಕಿನ್ನರ್ ಎಂಬತ್ತರ ಹೊಸ್ತಿಲಲ್ಲಿದ್ದಾಗ, 1983ರಲ್ಲಿ, ಮುಪ್ಪಿನ ಮರೆವಿನ ಬಗ್ಗೆ ಬರೆಯುತ್ತಾ ಒಂದು ಉಪಾಯ ಹೇಳಿದರು. ಮಳೆ ಬರುವ ಸೂಚನೆ ಕೇಳಿದಾಗ ‘ಹೊರಡುವಾಗ ಕೊಡೆ ತಗೋಬೇಕು’ ಎಂದು ನೆನಪಿಟ್ಟುಕೊಳ್ಳಲು ಹೋಗಬೇಡಿ, ಆಗಲೇ ಎದ್ದು ಕೊಡೆಯನ್ನು ಬಾಗಿಲ ಹಿಡಿಗೆ ನೇತುಹಾಕಿ ಎಂದು. ನೆನಪಿನ ಕೆಲಸವನ್ನು ಬಾಗಿಲಿಗೆ ಒಪ್ಪಿಸಿದ ಹಾಗೆ.

ರಾತ್ರಿ ಮೊಬೈಲ್ ಹಿಡಿದು ಮಲಗುವವರು ಚಾರ್ಜರನ್ನು ಅಡುಗೆಮನೆಗೆ ಒಯ್ದು, ದಿಂಬಿನ ಪಕ್ಕ ಒಂದು ಪುಸ್ತಕ ಇಡಲಿ. ಬೆಳಗಿನ ವಾಕಿಂಗ್ ತಪ್ಪಿಸುವವರು ಶೂ ಮತ್ತು ಸಾಕ್ಸನ್ನು ಬಚ್ಚಲಮನೆಯ ಬಾಗಿಲಲ್ಲಿ ಇಡಲಿ. ಶಿಕ್ಷಕಿ, ಮನೆಯವರ ಕರೆ ಬಂದಾಗ ನಿಂತಲ್ಲೇ ಎತ್ತದೆ ಕ್ಯಾಲೆಂಡರ್ ನೇತುಹಾಕಿದ ಗೋಡೆಯ ಹತ್ತಿರ ಹೋಗಿ ಎತ್ತಬಹುದು. ಆ ಕ್ಯಾಲೆಂಡರಿನ ಭಾನುವಾರಗಳಲ್ಲಿ ತನಗೆಂದು ಇಟ್ಟುಕೊಂಡ ಹೊತ್ತನ್ನು ಮೊದಲೇ ಕೆಂಪು ಪೆನ್ನಿನಲ್ಲಿ ಗುರುತು ಮಾಡಿರಬೇಕು. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ಕೇಳುತ್ತಾರೆಂದು ಗೊತ್ತಿದ್ದರೆ, ಅವರು ಕೇಳುವ ಮುಂಚೆಯೇ ಅವರ ಕೊಠಡಿಗೆ ಹೋಗಿ ‘ಸರ್, ಈ ಸಲ ನಾನು ಮಕ್ಕಳ ನಾಟಕ ನೋಡ್ಕೋತೀನಿ, ನಿರೂಪಣೆ ಬೇರೆಯವರಿಗೆ ಕೊಡಿ’ ಅಂದುಬಿಡಬಹುದು. ಜಾಗ ಬದಲಾಯಿತು, ಎದುರಿಗೆ ಕೂತ ನಾಲ್ಕು ಜನರೂ ಇಲ್ಲ.

ಆರನೆಯ ಹಂತ: ಅದೇ ಫಲ ಕೊಡುವ ಇನ್ನೊಂದು ನಡೆ, ನಿಮ್ಮದೇ ಮಾತಿನಲ್ಲಿ

ಹೂಂ ಅಂದಾಗ ಸಿಗುತ್ತಿದ್ದದ್ದು ಇರುಸುಮುರುಸಿನಿಂದ ಬಿಡುಗಡೆ. ಹೊಸ ನಡೆಯೂ ಅಷ್ಟೇ ಬೇಗ ಆ ಬಿಡುಗಡೆ ಕೊಡಬೇಕು, ಇಲ್ಲದಿದ್ದರೆ ಹಳೆಯದೇ ಗೆಲ್ಲುತ್ತದೆ. ಮುಖಕ್ಕೆ ಹೊಡೆದಂತೆ ‘ಆಗಲ್ಲ’ ಅಂದರೆ ಅವಳ ಸಂಕಟ ಇಮ್ಮಡಿಯಾಗುತ್ತದೆ, ಎರಡು ದಿನದಲ್ಲಿ ಬಿಟ್ಟುಬಿಡುತ್ತಾಳೆ. ‘ನೋಡಿ ಹೇಳ್ತೀನಿ’ ಎಂಬ ಎರಡು ಪದ ಮಾತನ್ನು ಅಲ್ಲಿಗೇ ಮುಗಿಸುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ, ಉಸಿರಾಡಲು ಸಮಯ ಸಿಗುತ್ತದೆ.

ಇಲ್ಲಿ ನಮ್ಮತನದ ಪ್ರಶ್ನೆ ಮತ್ತೆ ಬರುತ್ತದೆ. ಇಂಗ್ಲಿಷ್ ಪುಸ್ತಕಗಳೂ ವಿಡಿಯೋಗಳೂ ಹೇಳಿಕೊಡುವ ದೃಢವಾದ, ನೇರವಾದ ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸಿ ಅತ್ತೆಯ ಮುಂದೆ ಆಡಿದರೆ ಅದು ನಾಟಕವಾಗುತ್ತದೆ. ನಿಮ್ಮ ಬಾಯಲ್ಲಿ ಸಲೀಸಾಗಿ ಹೊರಳುವ ಮಾತನ್ನೇ ಆರಿಸಿ. ಹಾಳೆಯಲ್ಲಿ ನೀವು ಈಗಾಗಲೇ ಚೆನ್ನಾಗಿ ನಿಭಾಯಿಸಿದ ಸಂದರ್ಭಗಳಿವೆ, ಆಗ ಏನೆಂದಿರಿ ನೋಡಿ. ಧಾರವಾಡದ ಕಡೆಯವರಿಗೆ ‘ತಡೀರಿ, ನೋಡಿ ಹೇಳ್ತೇನ್ರಿ’ ಒಗ್ಗುತ್ತದೆ, ಮೈಸೂರಿನವರಿಗೆ ‘ಸ್ವಲ್ಪ ಯೋಚ್ನೆ ಮಾಡಿ ಹೇಳ್ತೀನಿ, ಆಯ್ತಾ?’ ಸರಿಹೋಗುತ್ತದೆ. ನಗುತ್ತಾ ಹೇಳುವವರು ನಗುತ್ತಲೇ ಹೇಳಲಿ, ತಲೆ ತಗ್ಗಿಸಿ ಹೇಳುವವರು ಹಾಗೆಯೇ ಹೇಳಲಿ. ಒಂದೇ ಒಂದು ನಿಯಮ: ಹೇಳಿದ್ದು ಸುಳ್ಳಾಗಬಾರದು. ‘ಭಾನುವಾರ ಊರಲ್ಲಿ ಇರಲ್ಲ’ ಎಂಬ ನೆಪ ಆ ಕ್ಷಣಕ್ಕೆ ಬಿಡುಗಡೆ ಕೊಡುತ್ತದೆ, ಹಾಗಾಗಿ ಸುಳ್ಳು ಹೇಳುವುದೇ ಬಲಗೊಳ್ಳುತ್ತದೆ. ನೋಡಿ ಹೇಳುತ್ತೇನೆ ಅಂದ ಮೇಲೆ ನಿಜವಾಗಿ ನೋಡಿ, ಅದೇ ದಿನ ಸಂಜೆಯೊಳಗೆ ಹೇಳಿ. ವಾಟ್ಸ್ಯಾಪಿನಲ್ಲಿ ಹೇಳುವುದು ಸುಲಭವಾದರೆ ಅಲ್ಲೇ ಹೇಳಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು, ಈ ಹೊಸ ನಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಯಬೇಕು. ಮೊದಲ ದಿನವೇ ಹೆಡ್‌ಮಾಸ್ಟರ ಮುಂದೆ ನಿಲ್ಲಬೇಡಿ. ಮನಸ್ಸಿಗೆ ಹಗುರವಾದ ಕಡೆಯಿಂದ ಶುರುಮಾಡಿ: ಬಟ್ಟೆ ಅಂಗಡಿಯವರು ‘ಇದನ್ನೂ ಪ್ಯಾಕ್ ಮಾಡ್ಲಾ ಮೇಡಂ?’ ಅಂದಾಗ ‘ಇರಿ, ನೋಡ್ತೀನಿ’ ಅನ್ನುವುದು. ಅದು ಎರಡು ಮೂರು ಸಲ ತೊಡಕಿಲ್ಲದೆ ಬಂದ ಮೇಲೆ ಗೆಳತಿಯ ಜೊತೆ, ಆಮೇಲೆ ಸಹೋದ್ಯೋಗಿ, ಆಮೇಲೆ ನಾದಿನಿ, ಕೊನೆಗೆ ಹೆಡ್‌ಮಾಸ್ಟರು. ಹೀಗೆ ಗುರಿಗೆ ಹತ್ತಿರವಾದ ಪ್ರತಿ ಹೆಜ್ಜೆಯನ್ನೂ ಬಲಪಡಿಸುತ್ತಾ ಹೋಗುವುದೇ ರೂಪಣೆ. ಒಂದು ಮೆಟ್ಟಿಲಲ್ಲಿ ಪದೇಪದೇ ಸೋತರೆ ನಿಮ್ಮಲ್ಲಿ ದೋಷವಿಲ್ಲ, ಆ ಮೆಟ್ಟಿಲು ಎತ್ತರವಾಗಿದೆ. ನಡುವೆ ಇನ್ನೊಂದನ್ನು ಕಟ್ಟಿಕೊಳ್ಳಿ.

ಏಳನೆಯ ಹಂತ: ತಕ್ಷಣ ಏನಾದರೂ ಸಿಗಲಿ

ಖಾಲಿ ಭಾನುವಾರ ಎಂಬ ದೊಡ್ಡ ಫಲ ದೂರದಲ್ಲಿದೆ. ಇವತ್ತಿನ ‘ನೋಡಿ ಹೇಳ್ತೀನಿ’ಗೆ ಇವತ್ತೇ ಏನಾದರೂ ಬೇಕು. ಪುಸ್ತಕದಲ್ಲಿ ಒಂದು ಗುರುತು ಹಾಕುವುದೇ ಎಷ್ಟೋ ಜನರಿಗೆ ಸಾಕಾಗುತ್ತದೆ. ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ವಿವರಿಸಿದ ತತ್ತ್ವ ಇನ್ನೂ ಅನುಕೂಲದ್ದು: ನೀವು ಹೇಗೂ ಇಷ್ಟಪಟ್ಟು ಮಾಡುವ ಕೆಲಸವನ್ನು, ಕಷ್ಟಪಟ್ಟು ಮಾಡಬೇಕಾದ್ದರ ಹಿಂದೆ ಇಡಿ. ತಿದ್ದಬೇಕಾದ ಉತ್ತರಪತ್ರಿಕೆಗಳ ಒಂದು ಕಟ್ಟು ಮುಗಿಸಿದ ಮೇಲೆ ಕಾಫಿ. ಕಷ್ಟದ ಕರೆ ಮಾಡಿ ಮುಗಿಸಿದ ಮೇಲೆ ಇಷ್ಟದ ಹಾಡು. ನಮ್ಮ ತಾಯಂದಿರು ‘ಮೊದಲು ಹೋಂವರ್ಕು, ಆಮೇಲೆ ಆಟ’ ಎಂದದ್ದು ಇದನ್ನೇ.

ನಿಮಗೆ ಏನು ಪುನರ್ಬಲನ ಎಂಬುದನ್ನು ಇನ್ನೊಬ್ಬರ ಪಟ್ಟಿ ನೋಡಿ ತಿಳಿಯಲಾಗದು. ಹತ್ತು ಜನರ ಚಪ್ಪಾಳೆ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಬೆವರು. ಯಾವುದು ಸಿಕ್ಕ ಮೇಲೆ ನಡವಳಿಕೆ ನಿಜವಾಗಿ ಹೆಚ್ಚಾಯಿತೋ ಅದೇ ನಿಮ್ಮ ಪುನರ್ಬಲನ, ಹಾಳೆಯ ಗೆರೆಗಳೇ ಅದನ್ನು ಹೇಳುತ್ತವೆ.

ಎಂಟನೆಯ ಹಂತ: ಒತ್ತಡ ಏರುವ ದಿನಗಳಿಗೆ ಮೊದಲೇ ಸಿದ್ಧವಾಗಿ

ಇಷ್ಟು ದಿನ ಕೇಳಿದೊಡನೆ ಸಿಗುತ್ತಿದ್ದದ್ದು ಸಿಗದೇ ಹೋದಾಗ ಜನ ಸುಮ್ಮನಾಗುವ ಮೊದಲು ಹಲವು ಸಲ ಇನ್ನೂ ಜೋರಾಗಿ ಕೇಳುತ್ತಾರೆ. ಲಿಫ್ಟಿನ ಗುಂಡಿ ಕೆಲಸ ಮಾಡದಿದ್ದರೆ ನಾವು ಅದನ್ನು ನಾಲ್ಕು ಸಲ ಒತ್ತುವ ಹಾಗೆ. ‘ಏನ್ ಅತ್ತಿಗೆ, ಈಗ ನಿಮ್ಮ ಹತ್ರ ಅಪಾಯಿಂಟ್‌ಮೆಂಟ್ ತಗೋಬೇಕಾ?’ ಎಂಬ ಮಾತು ಬರಬಹುದು. ಹೆಡ್‌ಮಾಸ್ಟರು ‘ಮೊದಲಿನ ಹಾಗಿಲ್ಲ ಮೇಡಂ ನೀವು’ ಅನ್ನಬಹುದು. ಅವರು ಕೆಟ್ಟವರೆಂದು ತಿಳಿಯಬೇಡಿ. ವರ್ಷಗಟ್ಟಲೆ ನಿಮ್ಮ ಹೂಂ ಅವರ ಕೇಳುವಿಕೆಯನ್ನು ಬಲಪಡಿಸಿದೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಮೂರು ಸಲ ತಡೆದು, ನಾಲ್ಕನೆಯ ಸಲ ಅವರು ದನಿ ಏರಿಸಿದಾಗ ‘ಸರಿ, ಬಿಡಿ’ ಎಂದು ಒಪ್ಪಿಕೊಂಡರೆ, ನೀವು ಕಲಿಸಿದ್ದು ಏನು? ನಾಲ್ಕು ಸಲ ಕೇಳಿದರೆ, ಜೋರಾಗಿ ಕೇಳಿದರೆ ಸಿಗುತ್ತದೆ ಎಂಬುದನ್ನು. ಚಾರ್ಲ್ಸ್ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ಪುಸ್ತಕದಲ್ಲಿ ಪಾರಿವಾಳಗಳ ಕೊಕ್ಕಿನ ಏಟುಗಳನ್ನು ಎಣಿಸಿ ತೋರಿಸಿದ್ದು ಇದನ್ನೇ. ಪ್ರತಿ ಸಲ ಸಿಗುವುದಕ್ಕಿಂತ, ಯಾವಾಗ ಸಿಗುತ್ತದೋ ಗೊತ್ತಿಲ್ಲದ ಹಾಗೆ ಆಗಾಗ ಸಿಗುವುದು ನಡವಳಿಕೆಯನ್ನು ಹೆಚ್ಚು ಹಟಮಾರಿಯಾಗಿಸುತ್ತದೆ. ಜೂಜಿನ ಯಂತ್ರ ಜನರನ್ನು ಕೂರಿಸಿಕೊಳ್ಳುವುದು ಹೀಗೆ, ರೀಲ್ಸ್ ಬೆರಳನ್ನು ಹಿಡಿದಿಡುವುದೂ ಹೀಗೆ. ಹಾಗಾಗಿ ಒಪ್ಪಿಕೊಳ್ಳುವ ಮನಸ್ಸಿದ್ದರೆ ಮೊದಲ ಸಲ ಕೇಳಿದಾಗಲೇ ಖುಷಿಯಿಂದ ಒಪ್ಪಿಕೊಳ್ಳಿ. ಒಪ್ಪದಿದ್ದರೆ ನಾಲ್ಕನೆಯ ಸಲವೂ ಅದೇ ಮೆಲುದನಿಯಲ್ಲಿ ಅದೇ ಮಾತು ಹೇಳಿ. ಹೊಸ ವಾದ ಹೂಡಬೇಡಿ, ಕಾರಣಗಳ ಪಟ್ಟಿ ಕೊಡಬೇಡಿ.

ಜೊತೆಗೆ, ಅವರು ನಿಮ್ಮನ್ನು ಕೇಳುವ ರೀತಿ ಸುಧಾರಿಸಿದಾಗ ಅದನ್ನು ಬಿಟ್ಟುಬಿಡಬೇಡಿ. ನಾದಿನಿ ‘ಅತ್ತಿಗೆ, ಈ ಭಾನುವಾರ ಬಿಡುವಿದ್ಯಾ?’ ಎಂದು ಮೊದಲೇ ಕೇಳಿದಳೇ? ‘ಕೇಳಿದ್ದು ಒಳ್ಳೇದಾಯ್ತು ಕಣಮ್ಮ, ಬೆಳಗ್ಗೆ ಆಗಲ್ಲ, ಮಧ್ಯಾಹ್ನದ ಮೇಲೆ ಕರ್ಕೊಂಡ್ ಬಾ’ ಅನ್ನಿ. ಸಂಬಂಧ ಉಳಿಯುವುದು ಇಂಥ ಮಾತುಗಳಿಂದ.

ಒಂಬತ್ತನೆಯ ಹಂತ: ಬೇರೆಯವರ ಮೇಲೆ ಬಳಸುವ ಮುಂಚೆ

ಈ ಕಣ್ಣು ಒಮ್ಮೆ ಬಂದ ಮೇಲೆ ಗಂಡ, ಹೆಂಡತಿ, ಮಕ್ಕಳು, ಸಹೋದ್ಯೋಗಿಗಳು ಎಲ್ಲರಲ್ಲೂ ಮೂರು ಕಾಲಂ ಕಾಣತೊಡಗುತ್ತವೆ. ಗುಟ್ಟಾಗಿ ಅವರನ್ನು ‘ತರಬೇತುಗೊಳಿಸುವ’ ಆಸೆ ಹುಟ್ಟಿದರೆ ಅಲ್ಲೇ ನಿಲ್ಲಿಸಿ. ನಿಮ್ಮ ಮೇಲೆ ಯಾರಾದರೂ ಹಾಗೆ ಮಾಡುತ್ತಿದ್ದಾರೆಂದು ತಿಳಿದರೆ ಹೇಗನ್ನಿಸುತ್ತದೋ ಅವರಿಗೂ ಹಾಗೇ ಅನ್ನಿಸುತ್ತದೆ. ಹೇಳಿ ಮಾಡಿದರೆ ಅದರ ಬಲ ಕಡಿಮೆಯಾಗುವುದಿಲ್ಲ. ‘ಪುಟ್ಟಾ, ದಿನಾ ಹೋಂವರ್ಕ್ ಹೊತ್ತಲ್ಲಿ ಇಬ್ಬರೂ ಕೂಗಾಡ್ತೀವಿ. ಏನ್ ಮಾಡಿದ್ರೆ ಸುಲಭ ಆಗುತ್ತೆ ಅಂತ ಇಬ್ಬರೂ ಸೇರಿ ನೋಡೋಣ್ವಾ?’ ಎಂದು ಕೇಳಿ. ಮಗುವೇ ಹೇಳೀತು, ಊಟ ಆದ ಮೇಲೆ ಕೂರ್ತೀನಿ, ಮೊದಲು ಗಣಿತ ಬೇಡ ಎಂದು. ಮಗು ‘ಬೇಡ’ ಅಂದರೆ ಆ ಬೇಡಕ್ಕೂ ಬೆಲೆ ಕೊಡಿ. ಹೂಂ ಅನ್ನುವುದನ್ನೇ ಕಲಿತು ದೊಡ್ಡವರಾದವರು ನಾವು, ಅದನ್ನೇ ಅವರಿಗೂ ದಾಟಿಸುವುದು ಬೇಡ.

ಹೊಗಳಿಕೆಯ ಬಗ್ಗೆ ಒಂದು ಮಾತು. ದಿನಕ್ಕಿಷ್ಟು ಎಂದು ಲೆಕ್ಕ ಹಾಕಿ ‘ವೆರಿ ಗುಡ್’ ಎರಚಿದರೆ ಅದು ಖಾಲಿ ಶಬ್ದ. ಕಣ್ಣಿಗೆ ಕಂಡದ್ದನ್ನು, ಕಂಡ ಕೂಡಲೇ, ಇದ್ದ ಹಾಗೆ ಹೇಳಿ: ‘ತಪ್ಪಾದ ಲೆಕ್ಕಾನ ನೀನೇ ಅಳಿಸಿ ಮತ್ತೆ ಮಾಡ್ದೆ, ನಾನು ನೋಡ್ದೆ.’ ನಿಮಗೆ ನಿಜವಾಗಿ ಸಂತೋಷವಾಗದ್ದನ್ನು ಹೊಗಳಬೇಡಿ. ಸಂತೋಷವಾದದ್ದನ್ನು ನುಂಗಿಕೊಳ್ಳಲೂ ಬೇಡಿ, ನಮ್ಮ ಮನೆಗಳಲ್ಲಿ ಹೆಚ್ಚು ನಡೆಯುವುದು ಈ ಎರಡನೆಯದೇ. ಎದುರಿಗೆ ಹೊಗಳಿದರೆ ದೃಷ್ಟಿ ತಾಗುತ್ತದೆಂದೋ, ತಲೆ ತಿರುಗುತ್ತದೆಂದೋ ಬಾಯಿ ಬಿಗಿದುಕೊಳ್ಳುತ್ತೇವೆ. ಬೈಗುಳ ಮಾತ್ರ ತಡವಾಗದೆ ಬರುತ್ತದೆ. ಆ ಲೆಕ್ಕ ತಿರುಗಿಸುವುದಕ್ಕೆ ನೀವು ಬೇರೆಯವರಾಗಬೇಕಿಲ್ಲ, ಒಳಗೆ ಬಂದ ಸಂತೋಷವನ್ನು ನಿಮ್ಮ ಧಾಟಿಯಲ್ಲೇ ಹೊರಗೆ ಹೇಳಿದರೆ ಸಾಕು.

ಹತ್ತನೆಯ ಹಂತ: ಪುಸ್ತಕ ಮುಚ್ಚುವ ಹೊತ್ತು

ಪ್ರತಿ ಭಾನುವಾರ ಗೆರೆಗಳನ್ನು ಎಣಿಸಿ ಹಿಂದಿನ ವಾರಕ್ಕೆ ಹೋಲಿಸಿ. ಮೂರು ವಾರ ಕಳೆದರೂ ಏನೂ ಬದಲಾಗದಿದ್ದರೆ ನಾಲ್ಕನೆಯ ಹಂತಕ್ಕೆ ಹಿಂದಿರುಗಿ. ಹೆಚ್ಚಿನ ಸಲ ಕಾರಣವನ್ನು ತಪ್ಪಾಗಿ ಊಹಿಸಿರುತ್ತೀರಿ, ಇಲ್ಲವೇ ಮೆಟ್ಟಿಲು ದೊಡ್ಡದಾಗಿರುತ್ತದೆ. ಬದಲಾಗಿದ್ದರೆ ವುಲ್ಫ್ ಅವರ ಮೂರನೆಯ ಪ್ರಶ್ನೆಯನ್ನು ಹಾಕಿಕೊಳ್ಳಿ: ಈ ಫಲ ನನಗೆ ತೃಪ್ತಿ ಕೊಟ್ಟಿದೆಯೇ? ಗೆರೆಗಳು ಚೆನ್ನಾಗಿದ್ದು, ಒಳಗೆ ಮಾತ್ರ ವೇಷ ಹಾಕಿಕೊಂಡಂತೆ ದಣಿವಾಗುತ್ತಿದ್ದರೆ ಆ ಗುರಿಯನ್ನು ಬಿಡಿ. ಅದನ್ನು ಬಿಡುವುದೂ ಹಾಳೆ ನೋಡಿ ತೆಗೆದುಕೊಂಡ ತೀರ್ಮಾನವೇ.

ತೃಪ್ತಿಯಿದ್ದರೆ ಲೆಕ್ಕವನ್ನು ಮೆಲ್ಲಗೆ ಸಡಿಲಿಸಿ. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಅಷ್ಟರಲ್ಲಿ ಖಾಲಿ ಭಾನುವಾರ, ಹಗುರಾದ ಸಂಜೆ ಎಂಬ ನಿಜವಾದ ಫಲಗಳು ಬಂದು ಕಾಫಿ, ಗುರುತುಗಳ ಜಾಗ ಹಿಡಿದಿರುತ್ತವೆ. ಬಳಿಕ ಪುಸ್ತಕ ಮುಚ್ಚಿಡಿ. ಎರಡು ತಿಂಗಳ ನಂತರದ ಒಂದು ವಾರವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿ, ಆ ವಾರ ಮಾತ್ರ ಮತ್ತೆ ಎಣಿಸಿ. ಹಳೆಯ ‘ಹೂಂ’ ತಿರುಗಿ ಬಂದಿದ್ದರೆ ಅದು ಯಾವ ಜಾಗದಲ್ಲಿ, ಯಾರ ಎದುರು ಬಂತು ಎಂಬುದನ್ನು ಬರೆದುಕೊಳ್ಳಿ, ಅಲ್ಲಿಗೆ ಮಾತ್ರ ಒಂದು ಹೊಸ ಮೆಟ್ಟಿಲು ಕಟ್ಟಿ.